ಅದೇ ಅಟ್ಟ, ಅದೇ ಗುಹೆ

ಸುಗ್ಗಿ ಮುಗಿದ ಮೇಲೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ದೊಡ್ಡಾಟ ಕಟ್ಟುತ್ತಿದ್ದರು. ಹಲಗೆ ಹಾಸಿದ ಅಟ್ಟ, ಕಿರೀಟ, ಭುಜಕೀರ್ತಿ, ಬೆಳಗಿನತನಕ ಕುಣಿತ. ಭಾಗವತ ಪದ ಎತ್ತಿದರೆ ಬರಿಯ ಅಟ್ಟವೇ ಅಡವಿ. ವೇಷಧಾರಿ ಎರಡು ಸುತ್ತು ಹಾಕಿದರೆ ಅದೇ ದ್ವಾರಕೆ. "ಈಗ ರಣಭೂಮಿ ಬಂತು ನೋಡಪಾ" ಎನ್ನುತ್ತಿದ್ದ ನಮ್ಮ ಮುತ್ಯಾ.

2009ರ 'ಡ್ರ್ಯಾಗನ್ ಏಜ್: ಒರಿಜಿನ್ಸ್' ಕಂಪ್ಯೂಟರ್ ಆಟದಲ್ಲಿ ನನಗೆ ಆ ಸುಖವೇ ಸಿಕ್ಕಿತ್ತು. ವೇಷ ಕಟ್ಟುವವನು ನಾನೇ. ಕುಳ್ಳರ ಕುಲದವನಾಗಬಹುದು, ಮಂತ್ರವಾದಿಯಾಗಬಹುದು. ಆರು ಹುಟ್ಟು, ಆರು ಆರಂಭ. 2011ರ ಮಾರ್ಚ್‌ನಲ್ಲಿ ಎರಡನೆಯ ಭಾಗ ಬಂತು. ನಾಯಕ ಹಾಕ್ ಮನುಷ್ಯಕುಲದವನೇ ಆಗಬೇಕು. ಕಥೆ ಹತ್ತು ವರ್ಷದ್ದು, ಊರು ಹೆಚ್ಚುಕಡಿಮೆ ಕರ್ಕ್‌ವಾಲ್ ಒಂದೇ. ಹೊಸ ಗುಹೆಗೆ ಹೋದರೆ ಅದೇ ತಿರುವು, ಅದೇ ಮೆಟ್ಟಿಲು. ಆಟ ಮಾಡಿದವರು ಒಂದು ದಾರಿ ಮುಚ್ಚಿ ಬೇರೆ ಜಾಗ ಎಂದಿದ್ದರು. ಮೂಲೆಯ ಪುಟ್ಟ ನಕಾಶೆಯಲ್ಲಿ ಮುಚ್ಚಿದ ದಾರಿಯೂ ಕಾಣುತ್ತಿತ್ತು! ಜಗತ್ತಿನ ಎಷ್ಟೋ ಆಟಗಾರರಿಗೆ ನೋವಾದದ್ದು ಇಲ್ಲೇ. ನನಗೂ ಆಯಿತು.

ಕಥೆ ಹೇಳುವ ವ್ಯಾರಿಕ್ ಮಾತ್ರ ನಮ್ಮ ದೊಡ್ಡಾಟದ ಸಾರಥಿಗೆ ಸಮನಾದ ಮಾತುಗಾರ. ಅವನನ್ನು ಈಗಲೂ ಮೆಚ್ಚುತ್ತೇನೆ. ಆದರೆ ಅಟ್ಟದ ಮೇಲೆ ಗೋಡೆ ಇರಲಿಲ್ಲ, ಪದವೇ ಗೋಡೆ ಎಬ್ಬಿಸುತ್ತಿತ್ತು. ಆಟವೋ ಒಂದೊಂದು ಕಲ್ಲನ್ನೂ ತೋರಿಸಿಬಿಟ್ಟಿತು. ಕಣ್ಣಾರೆ ಕಂಡ ಕಲ್ಲನ್ನು ಬೇರೆ ಕಲ್ಲೆಂದು ನಂಬುವುದು ಹೇಗೆ?

2014ರ ಮೂರನೆಯ ಭಾಗ 'ಇನ್‌ಕ್ವಿಜಿಷನ್'ನಲ್ಲಿ ವಿಶಾಲ ಬಯಲುಗಳು ಬಂದವು, ಕುಲ ಆರಿಸುವ ಹಕ್ಕೂ ಆಟಗಾರರಿಗೆ ಮರಳಿತು.