ಬಂದೀಖಾನೆ, ತಂತಿಬೇಲಿ, ಮುಚ್ಚಳಿಕೆ

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ, ಚಾಲುಕ್ಯರ ಐಹೊಳೆ, ನೇಕಾರರ ಇಳಕಲ್ಲು, ಎರೆಹೊಲಗಳ ರಾಮಥಾಳ. ಹುನಗುಂದ ಸೀಮೆಯ ಈ ಊರುಗಳೆಲ್ಲ ಒಂದು ಕಾಲಕ್ಕೆ ಕಲಾದಗಿ ಜಿಲ್ಲೆಯವು. 1885ರಲ್ಲಿ ಜಿಲ್ಲೆಯ ಕಚೇರಿಗಳು ಕಲಾದಗಿಯನ್ನು ಬಿಟ್ಟು ವಿಜಾಪುರ ಸೇರಿದವು. ಅಂದಿನಿಂದ ಇಲ್ಲಿ ತಪ್ಪು ಮಾಡಿದವನ ಹಣೆಬರಹ ತೀರ್ಮಾನವಾಗುತ್ತಿದ್ದುದು ವಿಜಾಪುರದಲ್ಲಿ. ತಪ್ಪಿದವನನ್ನು ಸೆರೆಯಲ್ಲಿಟ್ಟರೆ ತಿದ್ದಿಕೊಳ್ಳುತ್ತಾನೋ, ಊರಲ್ಲೇ ಬಿಟ್ಟು ಕಣ್ಣಿಟ್ಟರೆ ತಿದ್ದಿಕೊಳ್ಳುತ್ತಾನೋ ಎಂಬ ಪ್ರಶ್ನೆಗೆ ಈ ಸೀಮೆ ತನ್ನ ಬದುಕನ್ನೇ ಒಡ್ಡಿ ಉತ್ತರ ಕಂಡುಕೊಂಡಿದೆ.

ಪ್ರಶ್ನೆ ಹಳೆಯದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದನು. ಆ ಸ್ಮೃತಿ ಹೇಳುವ ದಂಡ ನಾಲ್ಕು: ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡ. ಛೀಮಾರಿ, ಗದರಿಕೆ, ಜುಲ್ಮಾನೆ, ಕೊನೆಗೆ ದೇಹಶಿಕ್ಷೆ. ಅಪರಾಧದ ತೂಕ ನೋಡಿ ದಂಡ ವಿಧಿಸಬೇಕೆಂಬುದು ಅದರ ನೀತಿ. ಈ ನಾಲ್ಕರಲ್ಲಿ ಸೆರೆಮನೆಗೆ ಬೇರೆಯ ಸ್ಥಾನವಿಲ್ಲ.

ಸೆರೆಮನೆಯನ್ನು ಮುಖ್ಯ ದಂಡವಾಗಿಸಿದ್ದು ಇಂಗ್ಲಿಷರ ಆಳಿಕೆ. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಮುಸ್ತಫಾಖಾನನು ದಾರಿಹೋಕರಿಗೆಂದು ವಿಜಾಪುರದಲ್ಲಿ ಕಟ್ಟಿಸಿದ್ದ ಸರಾಯಿಯೇ ಜೈಲಾಯಿತು. ಪಯಣಿಗರು ಒಂದಿರುಳು ತಂಗಿ ಹೋಗುತ್ತಿದ್ದ ಕಲ್ಲುಕೋಣೆಗಳಲ್ಲಿ ಕೈದಿಗಳು ವರ್ಷಗಟ್ಟಲೆ ಕಳೆದರು. ಹಳ್ಳಿಗಳಲ್ಲಿ ಗೌಡ, ಕುಲಕರ್ಣಿ, ತಳವಾರರ ಚಾವಡಿ ಇದ್ದೇ ಇತ್ತು. ಆದರೆ ಕಳವಿನ ಮೊಕದ್ದಮೆ ಚಾವಡಿಯಲ್ಲಿ ಮುಗಿಯದೆ ಮ್ಯಾಜಿಸ್ಟ್ರೇಟರ ಕಚೇರಿಗೆ ಹೋಗುವುದು ರೂಢಿಯಾಯಿತು.

ಆ ಕಾಲದ ಭಾರವನ್ನೆಲ್ಲ ಹೊತ್ತವರು ಅಲೆಮಾರಿಗಳು. ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗುತ್ತಿದ್ದವರ ವ್ಯಾಪಾರವನ್ನು ರೈಲು ನುಂಗಿತು, ಬೇಟೆಯಾಡಿ ಬದುಕುತ್ತಿದ್ದವರಿಗೆ ಅಡವಿಯ ಕಾಯಿದೆ ಅಡ್ಡಬಂತು. ಹೊಟ್ಟೆಗಿಲ್ಲದೆ ಕೆಲವರು ಕದ್ದರು. ಸರಕಾರ ಕುಲಕ್ಕೆ ಕುಲವನ್ನೇ ಅಪರಾಧಿ ಎಂದಿತು. 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟು ಕಾಯಿದೆ 1911ರಲ್ಲಿ ಇನ್ನಷ್ಟು ಬಿಗಿಯಾಯಿತು. ಹರಣಶಿಕಾರಿ, ಛಪ್ಪರಬಂದ್, ಕೊರವರಂಥ ಸಮುದಾಯಗಳ ಮೇಲೆ ಆ ಕಳಂಕ ಬಿತ್ತು. ಈ ಕುಲಗಳವನು ಎರಡನೆಯ ಸಲ ಸಿಕ್ಕಿಬಿದ್ದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಮೂರನೆಯ ಸಲಕ್ಕೆ ಜೀವಾವಧಿ ಗಡೀಪಾರು. ಇಷ್ಟು ಕಠಿಣ ಶಿಕ್ಷೆಯಿಂದಲೂ ಕಳವು ನಿಲ್ಲಲಿಲ್ಲ. ಬಿಡುಗಡೆಯಾಗಿ ಬಂದವನಿಗೆ ಹೊಲವಿಲ್ಲ, ಉದ್ಯೋಗವಿಲ್ಲ, ಕೂಲಿಗೆ ಕರೆಯುವವರಿಲ್ಲ. ಜೈಲು ಅವನ ಹಸಿವನ್ನು ಹಾಗೇ ಉಳಿಸಿ ಅವನ ಹೆಸರನ್ನಷ್ಟೇ ಕೆಡಿಸಿತ್ತು.

ಇದನ್ನು ಕಣ್ಣಾರೆ ಕಂಡ ಅಧಿಕಾರಿ ಒ.ಎಚ್.ಬಿ. ಸ್ಟಾರ್ಟ್. ಆತನ ಮುತುವರ್ಜಿಯಿಂದ 1910ರ ಆಸುಪಾಸಿನಲ್ಲಿ ವಿಜಾಪುರದಲ್ಲಿ, ಈ ಕುಲಗಳನ್ನು ಕಾವಲಿನಲ್ಲಿ ನೆಲೆಗೊಳಿಸುವ ವಸತಿ, ಅಂದರೆ ಸೆಟ್ಲಮೆಂಟ್ ತಲೆಯೆತ್ತಿತು. ಮುಂದೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲೂ ಎದ್ದವು. ಸುತ್ತ ತಂತಿಬೇಲಿ. ಹೆಸರು ಕೂಗಿದಾಗ ಓಗೊಟ್ಟು ಹಾಜರಿ ಕೊಡಬೇಕು. ಪರವೂರಿಗೆ ಹೋಗಬೇಕಾದರೆ ಪಾಸು ಬೇಕು. ದಫ್ತರದಲ್ಲಿ ಬೆರಳಚ್ಚು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಶಾಲೆಗೆ ಕಳಿಸುವ ಅಧಿಕಾರವನ್ನೂ ಕಾಯಿದೆ ಸರಕಾರಕ್ಕೆ ಕೊಟ್ಟಿತ್ತು. ಆದರೂ ಜೈಲಿನಲ್ಲಿ ಇಲ್ಲದ್ದೊಂದು ಇಲ್ಲಿತ್ತು. ನಿವಾಸಿಗಳು ಹತ್ತಿಗಿರಣಿಗಳಿಗೆ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ದುಡಿಯಲು ಹೋದರು, ಪಗಾರ ತಂದರು. ನಡತೆ ನೋಡಿ ಬೇಲಿಯಾಚೆಯ ವಸತಿ, ಆಮೇಲೆ ಪರವಾನಗಿಯ ಮೇಲೆ ಬಿಡುಗಡೆ. ಕಾವಲಿನೊಳಗಿನ ಸ್ವಾತಂತ್ರ್ಯವನ್ನು ಈ ನಾಡು ಕಂಡದ್ದು ಹೀಗೆ.

ಅದನ್ನು ಹೊಗಳುವಂತಿಲ್ಲ. ಕದ್ದವನ ಜೊತೆಗೆ ಕದಿಯದವನನ್ನೂ, ತೊಟ್ಟಿಲ ಕೂಸನ್ನೂ ಬೇಲಿಯೊಳಗಿಟ್ಟ ವ್ಯವಸ್ಥೆ ಅದು. ಮುಂಬಯಿ ಸರಕಾರ ನೇಮಿಸಿದ ಕೆ.ಎಂ. ಮುನ್ಷಿ ಸಮಿತಿ 1939ರಲ್ಲಿ ವರದಿ ಕೊಟ್ಟಿತು. ಮುಂಬಯಿ ಪ್ರಾಂತ 1949ರಲ್ಲಿ ಕಾಯಿದೆಯನ್ನು ತೆಗೆದುಹಾಕಿತು. ದೇಶವೆಲ್ಲ 1952ರ ಆಗಸ್ಟ್ 31ರಂದು ಅದರಿಂದ ಬಿಡುಗಡೆ ಪಡೆಯಿತು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ಮೊದಲ ಸಲ ತಪ್ಪಿದವನನ್ನು ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದೆಂದು 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೆಯ ಕಲಮು ಹೇಳಿತ್ತು. ಹೀಗೆ ಬಿಟ್ಟವನ ಮೇಲೆ ಕಣ್ಣಿಡುವ ಪರಿವೀಕ್ಷಣೆಗೆಂದೇ (ಪ್ರೊಬೇಷನ್) ಮುಂಬಯಿ ಪ್ರಾಂತ 1938ರಲ್ಲಿ ಕಾಯಿದೆ ಮಾಡಿತು. 1958ರಲ್ಲಿ ದೇಶಕ್ಕೆಲ್ಲ ಒಂದೇ ಕಾಯಿದೆ ಬಂತು. ಮರಣದಂಡನೆ, ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧಗಳಿಗೆ ಇದು ಸಲ್ಲದು. ಉಳಿದವುಗಳಲ್ಲಿ ಸನ್ನಡತೆಯ ಮುಚ್ಚಳಿಕೆ, ಬೇಕಾದರೆ ಜಾಮೀನುದಾರ, ಮೂರು ವರ್ಷ ಮೀರದ ಅವಧಿ, ಪರಿವೀಕ್ಷಣಾಧಿಕಾರಿಯ ಕಣ್ಗಾವಲು. ಇಪ್ಪತ್ತೊಂದು ತುಂಬದವನನ್ನು ಜೈಲಿಗೆ ಕಳಿಸಬೇಕಾದರೆ ನ್ಯಾಯಾಧೀಶರು ಕಾರಣ ಬರೆಯಲೇಬೇಕು. ಸೆಟ್ಲಮೆಂಟು ಮನುಷ್ಯನ ಹುಟ್ಟನ್ನು ಕೇಳಿತು; ಪರಿವೀಕ್ಷಣೆ ಕೇಳುವುದು ಅವನು ಮಾಡಿದ್ದನ್ನು, ಮುಂದೆ ಮಾಡಲಿರುವುದನ್ನು.

ಪರಿವೀಕ್ಷಣೆಯಲ್ಲಿ ಉಳಿದವರು ಮತ್ತೆ ತಪ್ಪುವುದು ಕಡಿಮೆ ಎಂಬ ಮಾತನ್ನು ಎಚ್ಚರದಿಂದ ಹೇಳಬೇಕು. ನ್ಯಾಯಾಧೀಶರು ಒಳ್ಳೆಯ ನಡತೆಯವನನ್ನೇ ಆರಿಸಿ ಬಿಡುತ್ತಾರೆ. ಅವನನ್ನು ಹಳೆಯ ಕಳ್ಳನೊಡನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಸರಿಸಮರನ್ನು ಹೋಲಿಸಲು ಯತ್ನಿಸಿದ ಅಧ್ಯಯನಗಳೂ ಜಗತ್ತಿನಲ್ಲಿವೆ. 2021ರಲ್ಲಿ 116 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿದ್ವಾಂಸರು ಕಂಡದ್ದಿಷ್ಟು: ಸೆರೆವಾಸ ಮರು-ಅಪರಾಧವನ್ನು ತಗ್ಗಿಸುವುದಿಲ್ಲ, ಕೆಲವೊಮ್ಮೆ ತುಸು ಹೆಚ್ಚಿಸುತ್ತದೆ. ಅತಿ ಕ್ರೂರಿಯನ್ನು ಕೂಡಿಹಾಕುವುದು ಜನರ ರಕ್ಷಣೆಗೆ ಅಗತ್ಯವೇ ಸರಿ. ಸಣ್ಣ ಕಳವಿಗೆ, ಯೌವನದ ದುಡುಕಿಗೆ ಜೈಲು ತೋರಿಸುವುದರಿಂದ ಲಾಭವಿಲ್ಲ.

ಕಲಾದಗಿ ಸೀಮೆಯ ಇತಿಹಾಸದ ತೀರ್ಪೂ ಅದೇ. ಸೆರೆಯ ಗೋಡೆ ಸೋತ ಕಡೆ ದುಡಿಮೆ, ಪಗಾರ, ಮನೆಮಂದಿಯ ಜೊತೆಗಿನ ಬಾಳು ನೆರವಾದವು. ಆದ್ದರಿಂದ ರಾಮಥಾಳದ ಹುಡುಗನೊಬ್ಬ ಮೊದಲ ಸಲ ಎಡವಿ ಹುನಗುಂದದ ಕೋರ್ಟಿನ ಕಟಕಟೆ ಹತ್ತಿದರೆ, ಅವನ ವಕೀಲರು 1958ರ ಕಾಯಿದೆಯನ್ನು ನೆನಪಿಸಲಿ. ಪರಿವೀಕ್ಷಣಾಧಿಕಾರಿ ಅವನ ಮನೆ ನೋಡಿ ವರದಿ ಬರೆಯಲಿ. ಊರ ಹಿರಿಯನೊಬ್ಬ ಮುಂದೆ ಬಂದು ಅವನಿಗೆ ಜಾಮೀನು ನಿಲ್ಲಲಿ.