ಮಳೆಬಿಸಿಲಿನಲ್ಲಿ ಮಾಗಿದ ಮರ

ದೇವಾಲಯವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರಿಗೆ ಜ್ಞಾನಸ್ನಾನ, ವಿವಾಹಗಳ ದಾಖಲೆ ಪುಸ್ತಕಗಳ ಆಧಾರವುಂಟು. ಅಲ್ಲಿಗೆ ನಡೆದುಬಂದ ಜನರ ಮನೆಗಳಿಗೆ ಅಂಥ ಪುಸ್ತಕವಿಲ್ಲ. ಕಡಲಿಗೂ ಘಟ್ಟಕ್ಕೂ ನಡುವಣ ನಮ್ಮ ಸಂತೆಗುಳಿಯ ಸೀಮೆಯಲ್ಲಿ ಹಳೆಯ ಬಾಗಿಲವಾಡ, ಕಿಟಕಿ, ಜಗುಲಿಯ ಕಂಬಗಳೇ ಆ ದಾಖಲೆಗಳು. ಅವು ಇಂದು ಬೂದುಬಣ್ಣಕ್ಕೆ ತಿರುಗಿವೆ. ‘ಮರ ಲಡ್ಡಾಯಿತು’ ಎಂದು ಕಿತ್ತು ಸೌದೆಗೆ ಹಾಕುವವರಿದ್ದಾರೆ. ಇದು ಅವಸರದ ತೀರ್ಪು.

ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವನ್ನು ಬಿಸಿಲಿನ ಅತಿನೇರಳೆ ಕಿರಣಗಳು ಒಡೆಯುತ್ತವೆ. ಮಳೆ ಅದನ್ನು ತೊಳೆದೊಯ್ಯುತ್ತದೆ. ಉಳಿದ ನಾರಿನ ಮೇಲೆ ಸೂಕ್ಷ್ಮವಾದ ಬೂಸು ಹಬ್ಬಿ ಬೂದುಬಣ್ಣ ಬರುತ್ತದೆ. ಆ ಕಿರಣಗಳು ಒಂದು ಮಿಲಿಮೀಟರಿನ ಹತ್ತನೆಯ ಒಂದಂಶದಷ್ಟೂ ಒಳಕ್ಕಿಳಿಯವು. ಬಯಲಿಗೊಡ್ಡಿದ ಮೆದುಮರ ನೂರು ವರ್ಷಗಳಲ್ಲಿ ಸುಮಾರು 6 ಮಿಲಿಮೀಟರ್, ಗಟ್ಟಿಮರ ಸುಮಾರು ಅದರರ್ಧ ಸವೆಯುತ್ತದೆಂಬುದು ಅಮೆರಿಕದ ಅರಣ್ಯ ವಿಜ್ಞಾನಿಗಳ ಲೆಕ್ಕ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಸುರಿಯುವ ನಮ್ಮ ಮಳೆಯಲ್ಲಿ ಅದು ತುಸು ಹೆಚ್ಚಿದ್ದೀತು. ಆದರೂ ಸಾಗುವಾನಿಯ ಬಾಗಿಲವಾಡಕ್ಕೆ ಅದು ಚರ್ಮದ ಸುಕ್ಕೇ ಹೊರತು ಪ್ರಾಣಾಪಾಯವಲ್ಲ. ಅಪಾಯವಿರುವುದು ನೀರು ನಿಲ್ಲುವಲ್ಲಿ: ಕಂಬದ ಬುಡದಲ್ಲಿ, ಕೀಲಿನ ಸಂದಿನಲ್ಲಿ, ಬಿರಿತ ಬಣ್ಣದ ಅಡಿಯಲ್ಲಿ. ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿರುವ ಮರವನ್ನು ಕೊಳೆಸುವ ಬೂಸು ಮುಟ್ಟದು.

ನಮ್ಮ ಹಿರಿಯರು ಈ ಲೆಕ್ಕಗಳನ್ನು ಓದಿದವರಲ್ಲ. ಆದರೆ ಕಂಬವನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸಿದರು, ಸೂರನ್ನು ತಲೆತಗ್ಗಿಸಿ ನುಗ್ಗುವಷ್ಟು ಕೆಳಗಿಳಿಸಿದರು. ಮಳೆಗಾಲಕ್ಕೆ ಮುಂಚೆ ಹೆಣೆದ ತೆಂಗಿನ ಗರಿಗಳ ತಟ್ಟಿಯನ್ನು ಜಗುಲಿಗೆ ಕಟ್ಟಿ, ತೆನೆಹಬ್ಬ ಕಳೆದು ಮಳೆ ಹಿಂದೆಗೆದ ಮೇಲೆ ಬಿಚ್ಚುತ್ತಿದ್ದರು. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದಿತ್ತು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಂದ ಗೇರು ನಮ್ಮ ಬಾಗಿಲುಗಳನ್ನು ಕಾಯುವ ಕೆಲಸಕ್ಕೂ ಒದಗಿತೆಂಬುದು ಸ್ವಾರಸ್ಯದ ಸಂಗತಿ.

ಮರದ ಕಟ್ಟಡಗಳು ಈ ಕರಾವಳಿಯಲ್ಲಿ ಎಷ್ಟು ಬೇರೂರಿದ್ದವೆಂಬುದಕ್ಕೆ ಭಟ್ಕಳವನ್ನು ನೋಡಬೇಕು. ಅಲ್ಲಿಯ ಕೇತಪೈ ನಾರಾಯಣ ದೇವಸ್ಥಾನದ ಶಿಲ್ಪಿಗಳು ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರು ಮಾಡಿನಂತೆ ಹೊದಿಸಿದ್ದಾರೆ. ಹಲಗೆಯ ಜಾಲರಿಯಂಥ ಗೋಡೆಯನ್ನೂ ಕಲ್ಲಿನಲ್ಲೇ ಕಡೆದಿದ್ದಾರೆ. ಮಳೆಗೆ ತಕ್ಕ ರೂಪವನ್ನು ಮರದಿಂದ ಕಲಿತದ್ದು, ಮರ ಹೋದರೂ ಉಳಿಯಿತು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಹುಲ್ಲು, ಸೋಗೆಯ ಮಾಡುಗಳು ಕ್ರಮೇಣ ಹಿಂದೆ ಸರಿದವು. 1878ರ ಅರಣ್ಯ ಕಾಯಿದೆಯ ನಂತರ ಕಾಡಿನ ಮೇಲೆ ಸರಕಾರದ ಹಿಡಿತ ಬಿಗಿಯಾಗಿ, ಸಾಗುವಾನಿ ಬಡವರಿಗೆ ದೂರವಾಯಿತು. ಹಿತ್ತಲಿನ ಹಲಸೇ ಗತಿಯಾಯಿತು. ಆದರೆ ಹೆಂಚಿನ ಮಾಡೂ ಸೂರನ್ನು ಬಿಡಲಿಲ್ಲ. ಬಿಟ್ಟದ್ದು ಟೆರೇಸು. ಅಜ್ಜನ ಕಾಲದ ಬಾಗಿಲನ್ನು ಅಭಿಮಾನದಿಂದ ಹೊಸ ಮನೆಗೆ ಕೂಡಿಸಿ, ಅದರ ಮೇಲೆ ಗೇಣುದ್ದದ ಸಿಮೆಂಟು ಚಜ್ಜವನ್ನಷ್ಟೇ ಇಟ್ಟವರು, ನಾಲ್ಕಾರು ಮಳೆಗಾಲಗಳಲ್ಲಿ ಅದರ ಬುಡ ಕುಂಬಾದುದನ್ನು ಕಂಡಿದ್ದಾರೆ. ದೋಷ ಮುದಿ ಮರದ್ದೆಂದು ಅವರ ಗೊಣಗು.

ಸಂಶಯವಿದ್ದವರು ಚೂರಿಯ ಮೊನೆಯಿಂದ ಬುಡವನ್ನು ಚುಚ್ಚಿ ನೋಡಬಹುದು. ಮೊನೆ ಸಲೀಸಾಗಿ ಇಳಿದರೆ ಅಷ್ಟು ಭಾಗವನ್ನು ಕತ್ತರಿಸಿ ಹೊಸ ತುಂಡು ಕೂಡಿಸಲು ಬಡಗಿಯನ್ನು ಕರೆಯಬೇಕು. ತಡೆದು ನಿಂತರೆ ಒಣಬಟ್ಟೆಯಿಂದ ಒರೆಸಿ, ಎಣ್ಣೆ ಬಳಿದು, ಮೇಲಿನ ಸೂರಿನಲ್ಲಿ ಒಡೆದ ಹೆಂಚು ಎಲ್ಲಿದೆಯೆಂದು ಹುಡುಕಬೇಕು.