ಹೋದ ವಾರ ಅಜ್ಜಿ ಹೇಗಿದ್ದರು?



ಕಳೆದ ಮಳೆಗಾಲದಲ್ಲಿ ನನ್ನ ಅಜ್ಜಿ ಅಂಗಳದಲ್ಲಿ ಜಾರಿ ಬಿದ್ದರು. ಅಗಲ್ಪಾಡಿಯಿಂದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತುರ್ತು ವಿಭಾಗದ ವೈದ್ಯರು ನನ್ನನ್ನು ಕೇಳಿದರು: "ಹೋದ ವಾರ ಅಜ್ಜಿ ಹೇಗಿದ್ದರು? ಒಬ್ಬರೇ ನಡೆಯುತ್ತಿದ್ದರಾ? ದಿನಕ್ಕೆ ಎಷ್ಟು ಬಗೆಯ ಮಾತ್ರೆ?" ಒಂದೇ ಮನೆಯಲ್ಲಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಗಳಿಗೂ ಒಂದು ಇತಿಹಾಸವಿದೆಯೆಂದು ಆಮೇಲೆ ಓದಿ ತಿಳಿದೆ.

1935ರಲ್ಲಿ ಲಂಡನ್ ಸಮೀಪದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ಬಡವರ ಆಸ್ಪತ್ರೆಯನ್ನು ವಹಿಸಿಕೊಂಡಿತು. ಅಲ್ಲಿದ್ದ 714 ರೋಗಿಗಳ ಹೊಣೆ ಡಾ. ಮಾರ್ಜರಿ ವಾರೆನ್ ಅವರಿಗೆ ಬಂತು. ಅನೇಕ ವೃದ್ಧರು "ಇನ್ನು ಗುಣವಾಗುವುದಿಲ್ಲ" ಎಂದು ಹಾಸಿಗೆಯಲ್ಲೇ ಉಳಿದಿದ್ದರು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ರೋಗ ಮಾತ್ರವಲ್ಲ, ನಡೆಯುವ ಶಕ್ತಿ, ಮನಸ್ಸು, ಮನೆಯ ಪರಿಸ್ಥಿತಿ ಎಲ್ಲವನ್ನೂ ನೋಡಿದರು. ಹಲವರು ಎದ್ದು ನಡೆದರು, ಮನೆಗೂ ಹೋದರು. ವೃದ್ಧರ ಸಮಗ್ರ ತಪಾಸಣೆಯ ಬೇರು ಅಲ್ಲಿದೆ. ನಮ್ಮ ದೇಶದಲ್ಲಿ 1978ರಲ್ಲಿ ಮದ್ರಾಸಿನ ಸರಕಾರಿ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ವೃದ್ಧರಿಗಾಗಿಯೇ ಚಿಕಿತ್ಸಾ ವಿಭಾಗ ಆರಂಭಿಸಿದರು.

ತುರ್ತು ವಿಭಾಗದಲ್ಲಿ ಇಷ್ಟು ವಿವರವಾಗಿ ನೋಡಲು ಸಮಯವೆಲ್ಲಿ? 1999ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜೇನ್ ಮೆಕಸ್ಕರ್ ಮತ್ತು ಸಂಗಡಿಗರು 65 ದಾಟಿದವರಿಗಾಗಿ ಆರೇ ಪ್ರಶ್ನೆ ಸಿದ್ಧಪಡಿಸಿದರು. ಮೊದಲೇ ಯಾರದಾದರೂ ನೆರವು ಬೇಕಿತ್ತೇ? ಈಗ ಹೆಚ್ಚು ನೆರವು ಬೇಕೇ? ಆರು ತಿಂಗಳಲ್ಲಿ ಆಸ್ಪತ್ರೆಯಲ್ಲಿ ಉಳಿದಿದ್ದರೇ? ಕಣ್ಣು ಸರಿಯಾಗಿ ಕಾಣುವುದಿಲ್ಲವೇ? ಮರೆವು ಜಾಸ್ತಿಯೇ? ಮೂರಕ್ಕಿಂತ ಹೆಚ್ಚು ಔಷಧಿ ಇದೆಯೇ? ಎರಡಕ್ಕೆ "ಹೌದು" ಬಂದರೂ ಹೆಚ್ಚಿನ ನಿಗಾ ಬೇಕು.

ಏಕೆಂದರೆ ಮುಪ್ಪಿನಲ್ಲಿ ರೋಗ ವೇಷ ಮರೆಸಿಕೊಂಡು ಬರುತ್ತದೆ. ಎದೆನೋವಿಲ್ಲದೆ ಹೃದಯಾಘಾತ ಆಗಬಹುದು. ಜ್ವರವಿಲ್ಲದ ಸೋಂಕು ಬರೀ ಗೊಂದಲದ ಮಾತಾಗಿ ಕಾಣಬಹುದು. "ವಯಸ್ಸಾಯಿತಲ್ಲ" ಎಂದು ಬಿಟ್ಟುಬಿಟ್ಟರೆ ಅಪಾಯ. ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕು: ಅಜ್ಜಿಯದು ಕೊಂಕಣಿ, ಕನ್ನಡ, ನರ್ಸ್ ಕೇಳುವುದು ಮಲಯಾಳದಲ್ಲಿ. ಉತ್ತರ ಬಾರದಿದ್ದರೆ ಅದು ಗೊಂದಲವೋ, ಭಾಷೆ ತಿಳಿಯದ್ದೋ? ಹೇಳಬಲ್ಲವರು ಜೊತೆಗಿರುವ ನಾವೇ.

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮವರು ಪಟ್ಟ ಪಾಡು ನೆನಪಿದೆಯಲ್ಲ? ಆಸ್ಪತ್ರೆ ದೂರವಿದ್ದಷ್ಟೂ ಮನೆಯವರ ತಿಳಿವಳಿಕೆ ಮುಖ್ಯ.

ಈ ಭಾನುವಾರ ಪೂಜೆ ಮುಗಿಸಿ ಬಂದು ಮನೆಯ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. ಆ ಆರು ಉತ್ತರ, ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿ ಬರೆದಿಡಿ. ನನ್ನ ಅಜ್ಜಿಯ ಚೀಟಿ ಈಗ ನನ್ನ ಪರ್ಸಿನಲ್ಲಿದೆ.